ಸ್ಪೀಕರ್ ಎಲ್ಲಿಟ್ಟರೆ ಈ ಗುಂಯ್ ಸದ್ದು ಹೋಗುತ್ತದೆ?

ಶಿವಮೊಗ್ಗದಿಂದ ಕೇಳಿದ್ದು: 12 ಅಡಿ ಉದ್ದ, 10 ಅಡಿ ಅಗಲದ ರೂಮು. ಆರ್‌ಸಿಸಿ ಮನೆ, ಟೈಲ್ಸ್ ನೆಲ. ಎರಡು ಬುಕ್‌ಶೆಲ್ಫ್ ಸ್ಪೀಕರ್ ಎರಡು ಮೂಲೆಯಲ್ಲಿವೆ. ತಬಲಾದ ಡಗ್ಗಾ (ಎಡಗೈಯ ದಪ್ಪ ದನಿಯ ವಾದ್ಯ) ಬಂದರೆ ಸಾಕು, ರೂಮೆಲ್ಲ ಗುಂಯ್ ಅನ್ನುತ್ತದೆ. ಹಾಡುವವರ ದನಿಯೂ ಮಸುಕು. ಆಂಪ್ಲಿಫೈಯರ್ ಬದಲಿಸಬೇಕಾ?

ಸಾಗರದಿಂದ: ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೇ. ಮೊದಲು ಸ್ಪೀಕರನ್ನು ಮೂಲೆಯಿಂದ ಈಚೆ ತನ್ನಿ. ಗೋಡೆಗೆ ಹತ್ತಿರ ಆದಷ್ಟೂ ಬೇಸ್, ಅಂದರೆ ತಗ್ಗು ಸ್ವರದ ದಪ್ಪ ಸದ್ದು, ಜಾಸ್ತಿ, ಮೂಲೆಯಲ್ಲಂತೂ ಎರಡು ಗೋಡೆ ಮತ್ತು ನೆಲ ಮೂರೂ ಸೇರಿ ಅದನ್ನು ಉಬ್ಬಿಸುತ್ತವೆ. 10 ಅಡಿಯ ಗೋಡೆ ಕಡೆ ಇಡಿ, ಪಕ್ಕದ ಗೋಡೆಯಿಂದ 2 ಅಡಿ, ಹಿಂದಿನ ಗೋಡೆಯಿಂದ ಎರಡೂವರೆ. ಎರಡೂ ದೂರ ಒಂದೇ ಆಗದಿದ್ದರೆ ಒಳ್ಳೆಯದು. ಆಗ ಸ್ಪೀಕರ್‌ಗಳ ನಡುವೆ 6 ಅಡಿ ಸಿಗುತ್ತದೆ, ನೀವೂ ಎರಡರಿಂದಲೂ 6 ಅಡಿ ದೂರದಲ್ಲಿ ಕೂತರೆ ಸರಿಯಾದ ತ್ರಿಕೋನ. ನಿಮ್ಮ ಬೆನ್ನ ಹಿಂದಿನ ಗೋಡೆಗೆ ಒರಗಿ ಕೂರಬೇಡಿ, ಅಲ್ಲೂ ಬೇಸ್ ಉಬ್ಬುತ್ತದೆ. 12 ಅಡಿಯ ರೂಮು ಸುಮಾರು 47 ಹರ್ಟ್ಜ್‌ನ ಬೇಸ್ ಸದ್ದಿಗೆ ತಾನೇ ಮೊಳಗುತ್ತದೆ, ಉದ್ದದ ನಟ್ಟನಡುವೆ ಕೂತರೆ ಅದೇ ಸದ್ದು ಮಾಯ! ಕುರ್ಚಿಯನ್ನು ಗೇಣು ಗೇಣು ಸರಿಸಿ ಕೇಳಿ ನೋಡಿ.

ಜಮಖಾನ ಹಾಸಿ, ಮೊಟ್ಟೆ ಟ್ರೇ ಅಂಟಿಸಿ ಅನ್ನುವವರು ಬಂದೇ ಬರುತ್ತಾರೆ. ಜಮಖಾನ ಹಾಸಿದರೆ ಟೈಲ್ಸಿನ ಕಿರುಚು ಸ್ವಲ್ಪ ತಗ್ಗುತ್ತದೆ, ಡಗ್ಗಾದ ಗುಂಯ್‌ಗೆ ಅದು ಮದ್ದಲ್ಲ. ಮೊಟ್ಟೆ ಟ್ರೇ ಅಂತೂ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅಷ್ಟೇ.

ತೀರ್ಥಹಳ್ಳಿಯಿಂದ: ಮೇಲಿನವರು ಎತ್ತರದ ಬಗ್ಗೆ ಹೇಳಲಿಲ್ಲ. ಕೂತಾಗ ನಿಮ್ಮ ಕಿವಿ ಎಲ್ಲಿದೆಯೋ ಟ್ವೀಟರ್ (ಸ್ಪೀಕರಿನಲ್ಲಿ ತಾರ ಸ್ವರ ನುಡಿಸುವ ಚಿಕ್ಕ ಭಾಗ) ಅಲ್ಲಿರಲಿ, ಗಟ್ಟಿ ಸ್ಟೂಲ್ ಆದರೂ ನಡೆಯುತ್ತದೆ. ಆಮೇಲೆ ಸ್ಪೀಕರನ್ನು ಸ್ವಲ್ಪ ಒಳಕ್ಕೆ, ನಿಮ್ಮ ಕಡೆ ತಿರುಗಿಸಿ. ದನಿ ನಡುವೆ ಗಟ್ಟಿಯಾಗಿ ನಿಲ್ಲುವವರೆಗೆ ತಿರುಗಿಸಿದರೆ ಸಾಕು. ಇನ್ನೊಂದು ಉಪಾಯ: ನೀವು ಕೂತಿರಿ, ಮನೆಯವರ ಕೈಲಿ ಒಂದು ಕನ್ನಡಿ ಕೊಟ್ಟು ಪಕ್ಕದ ಗೋಡೆ ಮೇಲೆ ಜರುಗಿಸಲು ಹೇಳಿ. ಸ್ಪೀಕರ್ ಕನ್ನಡಿಯಲ್ಲಿ ಕಾಣುವ ಕಡೆ ದಪ್ಪ ಕರ್ಟನ್ನೋ ಪುಸ್ತಕದ ಕಪಾಟೋ ಬರಲಿ. ನಮ್ಮದು ಹಂಚಿನ ಮನೆ, ಮಳೆ ಹೊಯ್ಯುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ, ಹೊಳವಾದಾಗಲೇ ಪರೀಕ್ಷೆ.

ಕೊಪ್ಪದಿಂದ: ಎಲ್ಲಕ್ಕಿಂತ ಮೊದಲು ವೈರ್ ನೋಡಿ. ಎರಡೂ ಸ್ಪೀಕರಿಗೆ ಆಂಪ್ಲಿಫೈಯರಿನ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ? ಒಂದು ಉಲ್ಟಾ ಆಗಿದ್ದರೆ ಬೇಸ್ ಸೊರಗುತ್ತದೆ, ದನಿ ನಡುವೆ ನಿಲ್ಲದೆ ರೂಮೆಲ್ಲ ಚದುರುತ್ತದೆ. ನಿಮಗೆ ಬೇಸ್ ಜಾಸ್ತಿ ಆಗಿರುವುದರಿಂದ ಹಾಗಿರಲಿಕ್ಕಿಲ್ಲ, ಆದರೂ ನೋಡಲು ಖರ್ಚೇನಿಲ್ಲ ಅಲ್ವಾ.