ನಮ್ಮ ಪೋಸ್ಟ್ ಎತ್ಕೊಂಡು ಮೇಲೆ ತಮ್ಮ ಮಾತು ಸೇರ್ಸಿ ಶೇರ್ ಮಾಡೋಕೆ ಬಿಡ್ಬೇಕಾ?

ಸಿದ್ದಾಪುರ_ತೋಟ:
ಎಲ್ರಿಗೂ ನಮಸ್ಕಾರ. ನಮ್ದು ಕೊಡಗಿನ ಸಿದ್ದಾಪುರ ಹತ್ರ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಜುಲೈನಲ್ಲಿ ಒಂದು ರಾತ್ರಿ ಹಲಸಿನ ಹಣ್ಣಿಗೆ ಅಂತ ಆನೆ ಬಂದು ಮನೆ ಪಕ್ಕದ ಸಾಲು ಪೂರ್ತಿ ತುಳಿದು ಹಾಕಿತ್ತು. ಬೆಳಿಗ್ಗೆ ಫೋಟೋ ಹಾಕಿ, ಲೈನ್ ಮನೆ (ತೋಟದ ಕೆಲಸದವರ ಮನೆ) ಮಕ್ಕಳು ಇದೇ ದಾರಿಲಿ ಸ್ಕೂಲ್‌ಗೆ ನಡ್ಕೊಂಡು ಹೋಗ್ತಾರೆ, ದಯವಿಟ್ಟು ಏನಾದ್ರೂ ಮಾಡಿ ಅಂತ ಬರ್ದೆ. ಆನೆ ಬಗ್ಗೆ ಒಂದು ಕೆಟ್ಟ ಮಾತಿಲ್ಲ ಅದ್ರಲ್ಲಿ.

ಅವತ್ತೇ ಗಾಳಿಗೆ ಮರ ಬಿದ್ದು ಕರೆಂಟ್ ಹೋಯ್ತು, ಟವರೂ ಹೋಯ್ತು, ಮೂರು ದಿನ ಫೋನ್ ಇಲ್ಲ. ಕರೆಂಟ್ ಬಂದ್ಮೇಲೆ ನೋಡಿದ್ರೆ ಯಾರೋ ತುಂಬ ಫಾಲೋವರ್ಸ್ ಇರೋರು ನನ್ನ ಪೋಸ್ಟ್ ಮೇಲೆ "ಕಾಡು ಕಡಿದು ತೋಟ ಮಾಡಿದವ್ರು ಈಗ ಆನೆ ಮೇಲೆ ದೂರು ಹೇಳ್ತಾರೆ" ಅಂತ ಒಂದೇ ಸಾಲು ಬರ್ದು ಶೇರ್ ಮಾಡಿದ್ದಾರೆ. ಆಮೇಲೆ ಬಂದ ಬೈಗುಳ ಹೇಳೋಕಾಗಲ್ಲ, ನಮ್ಮತ್ತೆನೂ ಬಿಟ್ಟಿಲ್ಲ. ಮಕ್ಕಳ ವಿಷ್ಯ ಒಬ್ರೂ ಓದಿಲ್ಲ. ನಾನು ಉತ್ತರ ಬರೆದ್ರೆ ಅದು ನನ್ನ ಪೋಸ್ಟ್ ಕೆಳಗೆ ಇರತ್ತೆ, ಬೈಯೋ ಜನ ಎಲ್ಲ ಅವರ ಪೋಸ್ಟ್ ಕೆಳಗೆ ಇದಾರೆ, ಹಿಂಗಾದ್ರೆ ಯಾರಿಗೆ ಏನು ಅಂತ ಹೇಳೋದು? ಈ ಸೌಲಭ್ಯನೇ ತೆಗೀಬೇಕು ಅಂತ ನಂಗೆ ಅನ್ಸ್ತಿದೆ. ನೀವೇನಂತೀರ?

ಮಕ್ಕಂದೂರಿನವ:
ಅಕ್ಕಾ, ನಿಮಗಾದದ್ದು ತಪ್ಪೇ, ಓದಿ ಹೊಟ್ಟೆ ಉರೀತು. ಆದ್ರೆ ತೆಗೀಬೇಕು ಅಂದ್ರೆ ನಾ ಒಪ್ಪಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮೂರ ಕಡೆ ಗುಡ್ಡ ಕುಸ್ದಾಗ ಎಲ್ಲಿಯದೋ ಹಳೇ ವಿಡಿಯೋನ ಇದು ಮಡಿಕೇರಿ ಅಂತ ಹಾಕ್ತಿದ್ರು, ಊರಿಂದ ಹೊರಗಿದ್ದ ಸಂಬಂಧಿಕರೆಲ್ಲ ಅದನ್ನ ನೋಡಿ ಅಳ್ತಿದ್ರು. ನಾವು ಕೂತ್ಕೊಂಡು ಒಂದೊಂದನ್ನೂ ಕೋಟ್ ಮಾಡಿ, ಅಂದ್ರೆ ಆ ಪೋಸ್ಟ್ ಎತ್ಕೊಂಡು ಮೇಲೆ ನಮ್ಮ ಮಾತು ಸೇರ್ಸಿ, "ಇದು ನಮ್ಮೂರಲ್ಲ, ಆ ರೋಡ್ ಇನ್ನೂ ಇದೆ, ಇಲ್ಲಿ ಇಂಥ ಕಡೆ ಗಂಜಿ ಕೇಂದ್ರ ಇದೆ" ಅಂತ ಬರೀತಿದ್ವಿ. ಬರೀ ರಿಪ್ಲೈ ಹಾಕಿದ್ರೆ ನೂರನೇ ಕಾಮೆಂಟ್ ಆಗಿ ಮುಳುಗಿ ಹೋಗ್ತಿತ್ತು. ಸುಳ್ಳು ಯಾವುದು ಅಂತ ತೋರ್ಸಿ ಅದರ ಮೇಲೇನೇ ನಿಜ ಬರೆಯೋಕೆ ಬೇರೆ ದಾರಿ ಯಾವ್ದಿದೆ ಹೇಳಿ. ಮತ್ತೆ ಬಟನ್ ತೆಗೆದ್ರೆ ಸ್ಕ್ರೀನ್‌ಶಾಟ್ ತೆಗೀತಾರೆ, ಅದು ನಿಮ್ಮ ಕಣ್ಣಿಗೂ ಬೀಳಲ್ಲ, ನಿಮ್ಮ ಮೂಲ ಪೋಸ್ಟ್‌ಗೆ ಹೋಗಿ ಓದೋಕೂ ಆಗಲ್ಲ.

ಕುಶಾಲನಗರ_ಕೋಡರ್:
ಇದು ಹಳೇ ಜಗಳ. ಟ್ವಿಟರ್‌ನಲ್ಲಿ ಈಗಿನ ರೂಪದ ಕೋಟ್ ಬಂದಿದ್ದು 2015ರಲ್ಲಿ, ಅದಕ್ಕೆ ಮುಂಚೆ ಜನ ಆರ್‌ಟಿ (ರೀಟ್ವೀಟ್, ಅಂದ್ರೆ ಇನ್ನೊಬ್ರ ಪೋಸ್ಟ್ ಮತ್ತೆ ಹಂಚೋದು) ಅಂತ ಕೈಯಲ್ಲೇ ಟೈಪ್ ಮಾಡಿ 140 ಅಕ್ಷರದೊಳಗೆ ಅವರ ಮಾತು, ತಮ್ಮ ಮಾತು ಎರಡೂ ತುರುಕ್ತಿದ್ರು. ಟ್ವಿಟರ್ ಥರದ್ದೇ ಇನ್ನೊಂದು ಜಾಲತಾಣ ಮಾಸ್ಟೊಡಾನ್ ಶುರು ಮಾಡಿದ ಯೂಗೆನ್ ರೋಚ್ಕೊ ಬೇಕಂತ್ಲೇ ಇದನ್ನ ಬಿಟ್ಟಿದ್ರು, ಜನ ಎದುರಿಗಿರೋನ ಜೊತೆ ಮಾತಾಡೋ ಬದ್ಲು ಅವನನ್ನ ತೋರ್ಸಿ ತಮ್ಮವರ ಜೊತೆ ಮಾತಾಡ್ತಾರೆ ಅನ್ನೋದು ಅವರ ಆಕ್ಷೇಪ, ಅಕ್ಕ ಹೇಳಿದ್ದೂ ಅದೇ ಅಲ್ವಾ. ಅವರೇ 2025ರಲ್ಲಿ ತಂದ್ರು, ಆದ್ರೆ ಯಾರು ಕೋಟ್ ಮಾಡ್ಬಹುದು ಅಂತ ಬರೆದವರೇ ಹೇಳ್ಬಹುದು, ಮಾಡಿದ್ರೆ ಗೊತ್ತಾಗತ್ತೆ, ಆಮೇಲೆ ವಾಪಸ್ಸೂ ತಗೋಬಹುದು. ಅದೇ ಥರದ ಬ್ಲೂಸ್ಕೈನಲ್ಲಿ 2024ರಿಂದಲೇ ನಿಮ್ಮ ಪೋಸ್ಟ್‌ನ ಇನ್ನೊಬ್ರ ಕೋಟ್‌ನಿಂದ ಬಿಡಿಸ್ಕೋಬಹುದು.

ಇನ್ನೊಂದು, 2020ರಲ್ಲಿ ಅಮೆರಿಕಾ ಎಲೆಕ್ಷನ್ ಟೈಮಲ್ಲಿ ಟ್ವಿಟರ್ ರೀಟ್ವೀಟ್ ಒತ್ತಿದ್ರೆ ಮೊದ್ಲು ಕಾಮೆಂಟ್ ಬರೆಯೋ ಡಬ್ಬಿ ತೆರೆಯೋ ಹಾಗೆ ಮಾಡಿತ್ತು, ಜನ ಯೋಚ್ನೆ ಮಾಡಿ ಬರೀಲಿ ಅಂತ. ಒಟ್ಟು ಶೇರಿಂಗ್ ಏನೋ 20 ಶೇಕಡಾ ಇಳೀತು, ಆದ್ರೆ ಹೊಸದಾಗಿ ಬಂದ ಕೋಟ್‌ಗಳಲ್ಲಿ 45 ಶೇಕಡಾ ಬರೀ ಒಂದು ಪದದ್ದು! ಡಿಸೆಂಬರ್‌ನಲ್ಲಿ ಅದನ್ನ ಕೈಬಿಟ್ರು. ಜಾಗ ಕೊಟ್ಟ ಮಾತ್ರಕ್ಕೆ ಜನ ಯೋಚ್ನೆ ಮಾಡ್ತಾರೆ ಅನ್ನೋದನ್ನ ಆಮೇಲೆ ನಾನು ನಂಬಿಲ್ಲ. ಕೀಲಿ ಪೋಸ್ಟ್ ಬರೆದವರ ಕೈಲಿರ್ಬೇಕು, ನನ್ನ ಅಭಿಪ್ರಾಯ ಇಷ್ಟೇ.

ಮಕ್ಕಂದೂರಿನವ:
ಹಂಗಾದ್ರೆ ಸುಳ್ಳು ವಿಡಿಯೋ ಹಾಕ್ದೋನೂ ಕೀಲಿ ತಿರುಗ್ಸಿ ನಮ್ಮ ಕೋಟ್ ಕಿತ್ತು ಹಾಕ್ತಾನಲ್ಲ ಅಣ್ಣ? ಸಾವಿರಾರು ಜನ ಫಾಲೋ ಮಾಡೋ ಅಕೌಂಟಿಗೂ ಅಕ್ಕನ ಅಕೌಂಟಿಗೂ ಒಂದೇ ನಿಯಮ ಸರಿಯಲ್ಲ.

ನಾಪೋಕ್ಲು_ನಿವೃತ್ತ_ಮೇಷ್ಟ್ರು:
ಮಕ್ಕಳೇ, ನಂಗೆ ವಾಟ್ಸಾಪ್ ಬಿಟ್ರೆ ಬೇರೆ ಅಷ್ಟು ಗೊತ್ತಿಲ್ಲ, ಆದ್ರೆ ಮಾತೇ ಇಲ್ದೆ ಮುಂದೆ ತಳ್ಳೋದು ಇನ್ನೂ ಕೆಟ್ಟದ್ದು ಅಂತ ಅದ್ರಲ್ಲೇ ಕಂಡಿದ್ದೀನಿ. ಯಾರು ಬರೆದ್ರು, ಕಳಿಸ್ದೋನು ನಂಬ್ತಾನಾ ಇಲ್ವಾ, ಒಂದೂ ಗೊತ್ತಾಗಲ್ಲ, ಕೇಳಿದ್ರೆ "ಫಾರ್ವರ್ಡ್ ಸಾರ್" ಅಂತಾರೆ. 2018ರಲ್ಲಿ ಭಾರತದಲ್ಲಿ ಒಂದ್ಸಲಕ್ಕೆ ಐದೇ ಚಾಟ್‌ಗೆ ಅಂತ ಮಿತಿ ಹಾಕಿದ್ದು, 2020ರಲ್ಲಿ ತುಂಬ ಸಲ ಫಾರ್ವರ್ಡ್ ಆಗಿದ್ದನ್ನ ಒಂದೇ ಚಾಟ್‌ಗೆ ಅಂದಿದ್ದು ಇದಕ್ಕೇ ಅಲ್ವಾ. ಕಾಮೆಂಟ್ ಬರೆದೋನು ತನ್ನ ಹೆಸರಲ್ಲಿ ಒಂದು ಮಾತು ಆಡಿದ್ದಾನೆ, ನಾಳೆ ಅವನನ್ನ ಕೇಳ್ಬಹುದು. ತೋಟದ ತಾಯಿ, ನಿಮ್ಮ ಮೇಲೆ ಬರೆದವರಿಗೆ ನೀವು ನೇರವಾಗಿ ಒಂದ್ಸಲ ಬರ್ದು ನೋಡಿದ್ರಾ?

ಸಿದ್ದಾಪುರ_ತೋಟ:
ಬರ್ದೆ ಮೇಷ್ಟ್ರೇ, ಮಕ್ಕಳ ವಿಷ್ಯ ಹೇಳಿದ್ಮೇಲೆ ಅವರು ಸಾರಿ ಅಂದು ಅಳಿಸಿದ್ರು. ಆದ್ರೆ ಬೈದವರಿಗೆ ಆ ಸಾರಿ ಕಾಣ್ಲೇ ಇಲ್ಲ, ಇವತ್ತು ಬೆಳಿಗ್ಗೆನೂ ಒಂದು ಮೆಸೇಜ್ ಬಂತು. ತೆಗೀಲೇಬೇಕು ಅಂತ ಇನ್ನು ಹೇಳಲ್ಲ, ಮಕ್ಕಂದೂರಿನ ತಮ್ಮ ಹೇಳಿದ್ದು ಮನಸ್ಸಿಗೆ ನಾಟ್ತು. ಆದ್ರೆ ಬಿಡಿಸ್ಕೊಳೋ ಬಟನ್ ಅವತ್ತು ನಂಗೆ ಬೇಕಿತ್ತು. ಆ ದಾರಿಲಿ ಆನೆ ಮೊನ್ನೆ ಮತ್ತೆ ಬಂದಿತ್ತು, ಲದ್ದಿ ಬಿದ್ದಿದೆ. ನಾಳೆ ಫೋಟೋ ಹಾಕ್ತೀನಿ ತಮ್ಮಾ, ನೀನು ಕೋಟ್ ಮಾಡು, ಮಕ್ಕಳು ನಡೆಯೋ ದಾರಿ ಅಂತ ಮೊದಲ ಸಾಲಲ್ಲೇ ಬರಿ.