ಸ್ಟ್ಯಾಟಿಸ್ಟಿಕ್ಸ್ ಮೊದಲ ಕೋರ್ಸ್ ಮುಗಿಯಿತು, ಮುಂದೇನು? ಪುಣೆ-ಮುಂಬೈ ಕನ್ನಡಿಗರ ಗುಂಪಿನ ಪ್ರಶ್ನೋತ್ತರ (ಕೇಳುವವರ ಹೆಸರಿನ ಬದಲು ಅವರ ಊರು, ಬಡಾವಣೆ ಹಾಕಿದೆ)

ಹಡಪಸರ: ಮೇಡಂ, ನಮಸ್ಕಾರ. ನಾನು ಡಯಟೀಶಿಯನ್. ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ) ವರೆಗಿನ ಕೋರ್ಸ್ ಮುಗಿಸಿದ್ದೇನೆ. 12 ಜನರ ಬೆಳಗಿನ ಶುಗರ್ 10 ದಿನ ಬರೆದುಕೊಂಡೆ. 6 ಜನ ಜೋಳದ ರೊಟ್ಟಿ, 6 ಜನ ಚಪಾತಿ. 120 ಸಾಲಿಗೆ ಟಿ-ಟೆಸ್ಟ್ ಮಾಡಿದರೆ ಪಿ (ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಜಾಸ್ತಿ ಅಂತರ ಬರುವ ಸಾಧ್ಯತೆ) 0.003 ಬಂತು. ನಾಳೆ ವರದಿ ಕೊಡಲಾ?

ಡೊಂಬಿವಲಿ: ಮೊದಲ ಕೋರ್ಸ್ ಆಯ್ತು, ಮುಂದೆ ಏನು ಕಲಿಯಲಿ?

ಮೇಡಂ: ರಿಗ್ರೆಶನ್, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಗೆರೆ ಎಳೆದು ಅಳೆಯುವುದು.

ಮೇಡಂ: ಹಡಪಸರದವರೇ, ವರದಿ ಕೊಡಬೇಡಿ. ನಿಮ್ಮ ಹತ್ತಿರ ಇರುವುದು 120 ಅಲ್ಲ, 12. ಒಬ್ಬರ ಸೋಮವಾರದ ಶುಗರ್, ಮಂಗಳವಾರದ ಶುಗರ್ ಅಕ್ಕಪಕ್ಕದಲ್ಲೇ ಇರುತ್ತೆ ಅಲ್ವಾ? ಆದರೆ ಟಿ-ಟೆಸ್ಟ್ ಪ್ರತಿ ಸಾಲನ್ನೂ ಬೇರೆ ಮನುಷ್ಯ ಅಂತಲೇ ಲೆಕ್ಕ ಹಾಕುತ್ತೆ. ಇವತ್ತಿಗೆ ಒಬ್ಬೊಬ್ಬರ 10 ದಿನದ ಸರಾಸರಿ ತೆಗೆದು, ಆ 12 ಅಂಕೆಗಳ ಮೇಲೆ ಟೆಸ್ಟ್ ಮಾಡಿ. ಆಮೇಲೆ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಳ್ಳು ಡೇಟಾ ಹುಟ್ಟಿಸಿ: ರೊಟ್ಟಿಗೂ ಚಪಾತಿಗೂ ವ್ಯತ್ಯಾಸವೇ ಇಲ್ಲ, ಆದರೆ ಒಬ್ಬೊಬ್ಬರ ಶುಗರ್ ಒಂದೊಂದು ಮಟ್ಟದಲ್ಲಿದೆ, ಹೀಗೆ 1000 ಸಲ ಮಾಡಿ ನಿಮ್ಮ ಹಳೇ ಟೆಸ್ಟ್ ಓಡಿಸಿ. ಪಿ 0.05ಕ್ಕಿಂತ ಕೆಳಗೆ ಸುಮಾರು 50 ಸಲ ಬರಬೇಕು. ನೂರಾರು ಸಲ ಬರುತ್ತೆ! ಅದನ್ನು ಕಣ್ಣಾರೆ ನೋಡಿ, ಒಬ್ಬೊಬ್ಬರ ಮಟ್ಟ ಬೇರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್ ಯಾಕೆ ಬೇಕು ಅಂತ ತಾನಾಗೇ ತಿಳಿಯುತ್ತೆ. ನಿಮಗೆ ಮುಂದಿನ ಪಾಠ ಅದೇ. ಇನ್ನೊಂದು ಮಾತು, ಯಾರಿಗೆ ಯಾವುದು ಅಂತ ಚೀಟಿ ಎತ್ತಿ ಹಂಚಿದಿರಾ?

ಠಾಣೆ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ. ಸ್ಯಾಂಪಲ್ 30 ದಾಟಿದರೆ ಸಾಕು. ಪಿ 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ 95% ನಿಜ.

ಮೇಡಂ: ಎರಡೂ ತಪ್ಪು. ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಬರುವ ಸಾಧ್ಯತೆ ಎಷ್ಟು, ಪಿ ಹೇಳುವುದು ಅಷ್ಟೇ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲೇ ಪಿಯನ್ನು ಹೀಗೆ ತಪ್ಪಾಗಿ ಓದುವುದರ ಬಗ್ಗೆ ಹೇಳಿಕೆ ಕೊಟ್ಟಿದೆ. ಓದದೆ ಕಳಿಸಬೇಡಿ. ಇದನ್ನು ನಂಬಿ ಯಾರದೋ ಊಟ, ಔಷಧಿ ಬದಲಾಗುತ್ತೆ.



ಮಾಟುಂಗಾ: ಆರ್ ಯಾಕ್ರೀ? ಪೈಥಾನ್ ಕಲಿತರೆ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಸಿಗುತ್ತೆ.

ಪಿಂಪರಿ: ಅವರು ಕೆಲಸ ಕೇಳಿದ್ರಾ?

ಮಾಟುಂಗಾ: ನಿಮಗೆ ಕೆಲಸ ಇದೆ, ಮಾತಾಡ್ತೀರಿ.

ಪಿಂಪರಿ: ಹತ್ತು ವರ್ಷದಿಂದ ಪೈಥಾನೇ ಬರೆಯೋದು ನಾನು. ಸುಮ್ನೆ ಏನೇನೋ ಹೇಳಬೇಡಿ.

ಮೇಡಂ: ಇಬ್ಬರೂ ನಿಲ್ಲಿಸಿ. 1973ರಲ್ಲಿ ಸ್ಟ್ಯಾಟಿಸ್ಟಿಶಿಯನ್ ಆನ್ಸ್‌ಕೂಂಬ್ ಕೊಟ್ಟ ನಾಲ್ಕು ಡೇಟಾ ತೆಗೆದುಕೊಳ್ಳಿ. ನಾಲ್ಕಕ್ಕೂ ಸರಾಸರಿ ಒಂದೇ, ಸಹಸಂಬಂಧ (ಎರಡು ಅಂಕೆ ಎಷ್ಟು ಒಟ್ಟಿಗೆ ಏರಿಳಿಯುತ್ತೆ ಅನ್ನುವ ಅಳತೆ) 0.82ರ ಹತ್ತಿರ. ಗ್ರಾಫ್ ಹಾಕಿದರೆ ಒಂದು ಬಿಲ್ಲಿನ ಹಾಗೆ ಬಾಗಿದೆ, ಇನ್ನೊಂದರಲ್ಲಿ ಒಂದೇ ಚುಕ್ಕೆ ಇಡೀ ಗೆರೆಯನ್ನು ಎಳೆಯುತ್ತೆ. ಯಾವ ಭಾಷೆಯಲ್ಲಾದರೂ ಹಾಕಿ, ಹಾಕಿ ನೋಡಿ.

ಕೋಥ್ರೂಡ್: ಕೋರ್ಸ್ ಮುಗೀತು, ನೆಕ್ಸ್ಟ್ ಏನು?

ಮೇಡಂ: ಮೇಲೆ ಓದಿ.

ಹಡಪಸರ: ಚೀಟಿ ಎತ್ತಲಿಲ್ಲ ಮೇಡಂ, ಅವರವರೇ ಆರಿಸಿಕೊಂಡರು. 12 ಅಂಕೆಗೆ ಪಿ 0.21 ಬಂತು.

ಮೇಡಂ: ಹಾಗಾದರೆ ಪಿ ಎಷ್ಟೇ ಬಂದಿದ್ದರೂ ರೊಟ್ಟಿಯಿಂದ ಇಳಿಯಿತು ಅಂತ ಬರೆಯುವ ಹಾಗಿಲ್ಲ. ಶುಗರ್ ಮೊದಲೇ ಕಡಿಮೆ ಇದ್ದವರು ರೊಟ್ಟಿ ಆರಿಸಿರಬಹುದು. ಶುರು ಮಾಡುವ ಮುಂಚಿನ ಶುಗರ್ ಬರೆದಿಟ್ಟಿದ್ದರೆ ಇವತ್ತು ರಾತ್ರಿಯೇ ಕಳಿಸಿ, ನೋಡುತ್ತೇನೆ.