ಬಟ್ಟೆ ಡೈಪರ್ ನಿಜಕ್ಕೂ ಪರಿಸರಕ್ಕೆ ಒಳ್ಳೆಯದಾ?

ಪ್ರಶ್ನೆ:
ಮಗುವಿಗೆ ಮೂರು ತಿಂಗಳು. ದಿನಕ್ಕೆ ಏಳೆಂಟು ಡೈಪರ್ ಬಿಸಾಡುತ್ತಿದ್ದೇವೆ. ಕಸದ ಚೀಲ ಎತ್ತಿದರೆ ಒದ್ದೆ ಮರಳು ತುಂಬಿದ ಹಾಗೆ ಭಾರ, ಮುಕ್ಕಾಲು ಪಾಲು ಡೈಪರೇ. ಬಟ್ಟೆಯದು ತರೋಣ ಅಂದರೆ, ಒಗೆಯೋ ನೀರು, ಕರೆಂಟು, ಸೋಪು ಎಲ್ಲಾ ಸೇರಿಸಿದರೆ ಎರಡೂ ಒಂದೇ ಅನ್ನುತ್ತಾರೆ ಮನೆಯಲ್ಲಿ. ಹೌದಾ?

ಉತ್ತರ 1:
ಆ ಮಾತಿಗೆ ಮೂಲ ಇದೆ. 2008ರಲ್ಲಿ ಬ್ರಿಟನ್ನಿನ ಪರಿಸರ ಸಂಸ್ಥೆ ಒಂದು ಮಗು ಎರಡೂವರೆ ವರ್ಷ ಬಳಸುವ ಡೈಪರಿನ ಲೆಕ್ಕ ಹಾಕಿತ್ತು. ಬಿಸಾಡುವ ಡೈಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ, ಬಟ್ಟೆಯದರಿಂದ ಸುಮಾರು 570. ಜನ ಇಷ್ಟು ಓದಿ ನಿಲ್ಲಿಸಿಬಿಡುತ್ತಾರೆ. ಮೆಷಿನ್ ತುಂಬಿದ ಮೇಲೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದನ್ನೇ ಎರಡನೇ ಮಗುವಿಗೂ ಬಳಸಿದರೆ ಸುಮಾರು 200 ಕಿಲೋ ಕಮ್ಮಿಯಾಗುತ್ತದೆ ಅಂತಲೂ ಅದರಲ್ಲೇ ಇದೆ. ಡ್ರೈಯರ್‌ಗೆ ಹಾಕಿದರೆ, ಕುದಿಯುವಷ್ಟು ಬಿಸಿನೀರಲ್ಲಿ ಒಗೆದರೆ, ಬಿಸಾಡುವುದಕ್ಕಿಂತ ಜಾಸ್ತಿ! ಬಿಸಾಡುವ ಡೈಪರಿನ ಹೊರೆ ಹೆಚ್ಚಾಗಿ ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ, ನಾವು ಏನೂ ಮಾಡುವ ಹಾಗಿಲ್ಲ. ಬಟ್ಟೆಯದರ ಹೊರೆ ಒಗೆಯುವುದರಲ್ಲಿದೆ, ಅದು ನಮ್ಮ ಕೈಯಲ್ಲೇ ಇದೆ. 2023ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಹೊಸ ಲೆಕ್ಕದಲ್ಲಿ ಬಟ್ಟೆಯದು ಸುಮಾರು 25% ಕಮ್ಮಿ.

ಉತ್ತರ 2:
ಆದರೆ ಅದು ಇಂಗಾಲದ ಲೆಕ್ಕ ಮಾತ್ರ, ಅಲ್ವಾ? ಹತ್ತಿ ಬೆಳೆಯೋಕೂ ಒಗೆಯೋಕೂ ನೀರು ಬೇಕು, ಎಲ್ಲಾ ಲೆಕ್ಕದಲ್ಲೂ ಬಟ್ಟೆಯೇ ಗೆಲ್ಲುವುದಿಲ್ಲ. ಬಟ್ಟೆ ಡೈಪರಿನ ಹೊರಪದರವೂ ಎಷ್ಟೋ ಸಲ ಪಾಲಿಯೆಸ್ಟರೇ. ಹಾಗಂತ ಇನ್ನೊಂದು ಕಡೆ ನೋಡಿದರೆ, ಬಿಸಾಡುವುದರಲ್ಲಿ ಮರದ ತಿರುಳಿನ ಜೊತೆ ಪಾಲಿಪ್ರೊಪಿಲೀನು, ಪಾಲಿಥೀನು, ಒದ್ದೆ ಹೀರಿ ಜೆಲ್ಲಿಯಾಗೋ ಸೋಡಿಯಂ ಪಾಲಿಆಕ್ರಿಲೇಟ್ ಹರಳು. ಮಗು ಮೂರ್ನಾಲ್ಕು ಗಂಟೆ ಹಾಕಿಕೊಂಡಿದ್ದು ನಮ್ಮ ಆಯಸ್ಸು ಮುಗಿದರೂ ಕರಗುವುದಿಲ್ಲ. ‘ಬಯೋ’ ಅಂತ ಬರೆದದ್ದನ್ನು ನೋಡಿ ಮೋಸ ಹೋಗಬೇಡಿ, ಕಸದ ಗುಡ್ಡದ ಅಡಿಯಲ್ಲಿ ಗಾಳಿ ಸಿಗದೆ ಅದೂ ಸುಲಭಕ್ಕೆ ಕೊಳೆಯಲ್ಲ.

ಉತ್ತರ 3:
ಇಬ್ಬರು ಮಕ್ಕಳನ್ನು ಬಟ್ಟೆಯದರಲ್ಲೇ ಬೆಳೆಸಿದೆ. ಮೊದಲ ತಿಂಗಳು ಒಂದೊಂದನ್ನೇ ಬಕೆಟ್‌ಗಟ್ಟಲೆ ನೀರಲ್ಲಿ ಒಗೆದು ಸೊಂಟ ಬಿದ್ದುಹೋಗಿತ್ತು, ನೀರೂ ದಂಡ. ಆಮೇಲೆ ಕಕ್ಕವನ್ನು ಟಾಯ್ಲೆಟ್‌ಗೆ ಉದುರಿಸಿ, ಒಂದು ಸಲ ಜಾಲಾಡಿ, ಮುಚ್ಚಳದ ಬಕೆಟ್‌ನಲ್ಲಿ ನೀರು ತುಂಬಿಸದೆ ಹಾಗೇ ಕೂಡಿಟ್ಟು ಎರಡು ದಿನಕ್ಕೊಮ್ಮೆ 60 ಡಿಗ್ರಿಯಲ್ಲಿ ಒಗೆಯುವುದು ರೂಢಿಯಾಯಿತು. ಸಾಫ್ಟ್‌ನರ್ ಹಾಕಲೇಬೇಡಿ, ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ. ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗದಿದ್ದದ್ದು ಒದ್ದೆಯಿದ್ದಾಗಲೇ ಬಿಸಿಲಿಗೆ ಹಾಕಿದರೆ ಸಂಜೆಗೆ ಮಾಯ. ಇಪ್ಪತ್ತು, ಇಪ್ಪತ್ನಾಲ್ಕು ಸಾಕು. ಚಂದದ ಚಿತ್ರ ಕಂಡಾಗೆಲ್ಲ ಕೊಂಡು ಅರವತ್ತು ಗುಡ್ಡೆ ಹಾಕಿದರೆ ಉಳಿತಾಯ ಎಲ್ಲಿಂದ ಬರಬೇಕು? ಇನ್ನೊಂದು ಮಾತು, ಒಗೆಯೋದು ಅಮ್ಮ ಒಬ್ಬಳ ತಲೆಗೆ ಕಟ್ಟಬೇಡಿ. ನಮ್ಮಲ್ಲಿ ಒಣಗಿಸಿ ಮಡಚುವುದು ಪೂರ್ತಿ ಅವರ ಅಪ್ಪನ ಕೆಲಸ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪರಿಚಯದವರ ಮಗು ದೊಡ್ಡದಾಗಿದೆ, ಅವರ ಹಳೆಯದು ಹನ್ನೆರಡು ಕೊಡ್ತೀನಿ ಅಂದಿದ್ದಾರೆ, ಅದರಿಂದಲೇ ಶುರು. ಉಳಿದಿರುವ ಎರಡು ಪ್ಯಾಕೆಟ್ ರಾತ್ರಿಗೆ ಇಟ್ಟುಕೊಳ್ಳುತ್ತೇವೆ. ಹಗ್ಗ ಕಟ್ಟೋದು ಮನೆಯವರಿಗೆ ಬಿಟ್ಟಿದ್ದೇನೆ.